ಹೋಮ್ ಕೇರ್ ಆ್ಯಪ್‌ಗೆ ಗೊತ್ತಿಲ್ಲದ ಸಂಗತಿಗಳು

ಅಮೆರಿಕದ ನ್ಯೂಜೆರ್ಸಿಯ ಒಂದು ಹೋಮ್ ಕೇರ್ ಏಜೆನ್ಸಿಯಲ್ಲಿ ನಾನು ಶೆಡ್ಯೂಲಿಂಗ್ ನೋಡಿಕೊಳ್ಳುತ್ತೇನೆ. ಯಾವ ಏಡ್ ಯಾವ ಮನೆಗೆ, ಎಷ್ಟು ಹೊತ್ತಿಗೆ, ಎಷ್ಟು ಗಂಟೆ ಅಂತ ಹೊಂದಿಸುವ ಕೆಲಸ. ವಯಸ್ಸಾದವರಿಗೆ ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಊಟ ಕೊಡುವುದು, ಎಬ್ಬಿಸಿ ಕೂರಿಸುವುದು, ಇದನ್ನೆಲ್ಲ ಈ ಏಡ್‌ಗಳು ಮಾಡುತ್ತಾರೆ. ನಮ್ಮ ಕಡೆ ಇವರನ್ನು ಹೋಮ್ ನರ್ಸ್ ಅಂತೀವಲ್ಲ, ಹಾಗೆ. ಮೈಸೂರಿನಲ್ಲಿ ನಮ್ಮ ಚಿಕ್ಕಮ್ಮನಿಗೆ ಸ್ಟ್ರೋಕ್ ಆದಮೇಲೆ ಅಲ್ಲಿನ ಏಜೆನ್ಸಿ ನಡೆಯುವ ರೀತಿಯನ್ನೂ ಹತ್ತಿರದಿಂದ ನೋಡಿದೆ.

ಎರಡೂ ಕಡೆ ನೋಡಿದವನಾಗಿ ಒಂದು ಮಾತು ಹೇಳಲೇಬೇಕು ಅನಿಸುತ್ತಿದೆ. ಇಲ್ಲಿನ ಹೋಮ್ ಕೇರ್ ತಂತ್ರಜ್ಞಾನ ದುಡ್ಡು ಕೊಡುವವರಿಗೆ ಲೆಕ್ಕ ಒಪ್ಪಿಸಲು ಹುಟ್ಟಿದ್ದು. ಆರೈಕೆ ಮಾಡುವವರ ಕೈ ಹಗುರ ಮಾಡಲು ಅಲ್ಲ. ನಮ್ಮೂರಿನ ಏಜೆನ್ಸಿಗಳೂ ಈಗ ಆ್ಯಪ್ ಕಡೆ ಹೊರಟಿವೆ. ಅವರು ಕಣ್ಣುಮುಚ್ಚಿ ಇದೇ ದಾರಿ ಹಿಡಿದರೆ ನನಗೆ ಬೇಜಾರಾಗುತ್ತದೆ.

ಇಲ್ಲಿ ಈ ಆರೈಕೆಯ ಖರ್ಚಿನ ದೊಡ್ಡ ಪಾಲು ಬರುವುದು ಮೆಡಿಕೇಡ್‌ನಿಂದ. ಕಡಿಮೆ ಆದಾಯದವರಿಗಾಗಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸೇರಿ ನಡೆಸುವ ವಿಮೆ ಅದು. 65 ದಾಟಿದವರಿಗೆ ಸಿಗುವ ಮೆಡಿಕೇರ್ ಇಂಥ ವರ್ಷಗಟ್ಟಲೆಯ ದಿನನಿತ್ಯದ ಆರೈಕೆಗೆ ದುಡ್ಡು ಕೊಡುವುದಿಲ್ಲ. 2016ರ ಡಿಸೆಂಬರ್‌ನಲ್ಲಿ ಬಂದ ಟ್ವೆಂಟಿಫಸ್ಟ್ ಸೆಂಚುರಿ ಕ್ಯೂರ್ಸ್ ಆ್ಯಕ್ಟ್ ಮೆಡಿಕೇಡ್ ದುಡ್ಡಿನಲ್ಲಿ ನಡೆಯುವ ಮನೆಭೇಟಿಗಳಿಗೆ ಎಲೆಕ್ಟ್ರಾನಿಕ್ ದಾಖಲೆ ಬೇಕು ಅಂದಿತು. ಎಲೆಕ್ಟ್ರಾನಿಕ್ ವಿಸಿಟ್ ವೆರಿಫಿಕೇಷನ್, ಆಫೀಸಿನ ಮಾತಲ್ಲಿ ಇವಿವಿ. ದಿನನಿತ್ಯದ ಆರೈಕೆಗೆ 2020ರ ಜನವರಿ ಗಡುವು, ನರ್ಸು ಮತ್ತು ಥೆರಪಿಸ್ಟ್‌ಗಳ ಭೇಟಿಗೆ 2023ರ ಜನವರಿ. ಜಾರಿ ಮಾಡದ ರಾಜ್ಯಕ್ಕೆ ಕೇಂದ್ರದ ಪಾಲು ಕಡಿತ.

ದಾಖಲಾಗಬೇಕಾದದ್ದು ಆರು ಸಂಗತಿ. ಏನು ಸೇವೆ, ಯಾರಿಗೆ, ಯಾರು ಕೊಟ್ಟರು, ಯಾವ ದಿನ, ಎಲ್ಲಿ, ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ಹೊತ್ತಿಗೆ ಮುಗಿಯಿತು. ಹೋಗದ ಮನೆಗೆ ಬಿಲ್ಲು ಹಾಕಿದವರು ಇದ್ದರು. ಜನರ ತೆರಿಗೆ ದುಡ್ಡಿಗೆ ಲೆಕ್ಕ ಬೇಕು ಅನ್ನುವುದರಲ್ಲಿ ತಪ್ಪೇನಿಲ್ಲ.

ತೊಂದರೆ ಶುರುವಾಗುವುದು ದಿನದ ಕೆಲಸದಲ್ಲಿ. ಒಬ್ಬ ಏಡ್ ಬೆಳಿಗ್ಗೆ ಅಜ್ಜನ ಮನೆಗೆ ಬಂದು ಫೋನಿನಲ್ಲಿ ಕ್ಲಾಕ್ ಇನ್ ಆಗುತ್ತಾರೆ, ಅಂದರೆ ಕೆಲಸ ಶುರು ಅಂತ ಹಾಜರಿ ಹಾಕುತ್ತಾರೆ. ಸ್ನಾನ, ತಿಂಡಿ ಮುಗಿಸಿ ಅಜ್ಜನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಕುರ್ಚಿಯಲ್ಲಿ ಕೂರಿಸಿ, ಕಾಲ ಮೇಲೆ ಕಂಬಳಿ ಹೊದೆಸಿ, ಅಲ್ಲೇ ಕ್ಲಾಕ್ ಔಟ್ ಆಗುತ್ತಾರೆ. ಆ್ಯಪ್ ಕೆಂಪು ಗುರುತು ಹಾಕುತ್ತದೆ. ಶುರುವಾದ ಜಾಗ ಒಂದು, ಮುಗಿದ ಜಾಗ ಇನ್ನೊಂದು. ಆ ಭೇಟಿಯ ಬಿಲ್ಲು ಅಲ್ಲಿಗೇ ನಿಂತಿತು. ನಾನು ಏಡ್‌ಗೆ ಫೋನ್ ಮಾಡಬೇಕು, ಅವರು ಇನ್ನೊಬ್ಬರಿಗೆ ಸ್ನಾನ ಮಾಡಿಸುತ್ತಿರುತ್ತಾರೆ, ಎತ್ತುವುದಿಲ್ಲ. ಕೊನೆಗೆ ಕಾರಣದ ಕೋಡ್ ಹಾಕಿ, ಒಪ್ಪಿಗೆ ಪಡೆದು, ಕೈಯಾರೆ ತಿದ್ದಬೇಕು. ಇಂಥವು ದಿನಾ ಬೆಳಿಗ್ಗೆ ಸಾಲುಗಟ್ಟಿ ನಿಂತಿರುತ್ತವೆ.

ಗಮನಿಸಿ, ಆ ಕಾನೂನು ಜಿಪಿಎಸ್ ಇರಲೇಬೇಕು ಅಂತ ಹೇಳಿಲ್ಲ. ಸೇವೆ ಮನೆಯೊಳಗೇ ನಡೆಯಬೇಕು ಅಂತಲೂ ಹೇಳಿಲ್ಲ. ರೋಗಿಯ ಮನೆಯ ಲ್ಯಾಂಡ್‌ಲೈನ್‌ನಿಂದ ಒಂದು ನಂಬರಿಗೆ ಫೋನ್ ಮಾಡಿ ಹಾಜರಿ ಹಾಕುವ ವ್ಯವಸ್ಥೆಯೂ ಇದೆ. ಆದರೆ ಈಗ ಎಷ್ಟು ಮನೆಯಲ್ಲಿ ಲ್ಯಾಂಡ್‌ಲೈನ್ ಇದೆ? ಹಾಗಾಗಿ ಎಲ್ಲವೂ ಏಡ್‌ನ ಸ್ವಂತ ಫೋನಿನ ಮೇಲೆ ಬಂದು ಬೀಳುತ್ತದೆ. ಅವರದೇ ಡೇಟಾ, ಅವರದೇ ಬ್ಯಾಟರಿ. ನೆಲಮಾಳಿಗೆಯ ಮನೆಗಳಲ್ಲಿ ಸಿಗ್ನಲ್ ಇಲ್ಲದೆ ಹೊರಗೆ ರಸ್ತೆಗೆ ಬಂದು ಕ್ಲಾಕ್ ಇನ್ ಆಗುವವರಿದ್ದಾರೆ. ಅಷ್ಟು ಹೊತ್ತು ಒಳಗೆ ರೋಗಿ ಒಬ್ಬರೇ.

ಬಿಲ್ಲಿನ ಕಥೆ ಬೇರೆ. ಹದಿನೈದು ನಿಮಿಷಕ್ಕೆ ಒಂದು ಯೂನಿಟ್. ಒಂದೊಂದು ವಿಮಾ ಪ್ಲಾನಿಗೂ ಒಂದೊಂದು ಪೋರ್ಟಲ್, ಒಂದೊಂದು ಪಾಸ್‌ವರ್ಡ್. ವಿಮೆಯವರು ಮಂಜೂರು ಮಾಡಿದ ಗಂಟೆಗಳ ಅವಧಿ ಮುಗಿದದ್ದು ಗೊತ್ತಾಗದೆ ಸೇವೆ ಕೊಟ್ಟರೆ ಆ ದುಡ್ಡು ಹೋಯಿತು ಅಂತಲೇ ಲೆಕ್ಕ. ಬಿಲ್ಲು ಪಾಸಾಗಲಿ ಬಿಡಲಿ, ಏಡ್‌ಗಳಿಗೆ ಸಂಬಳ ಕೊಡಲೇಬೇಕು. 2024ರ ಫೆಬ್ರವರಿಯಲ್ಲಿ ಬಿಲ್ಲುಗಳನ್ನು ವಿಮಾ ಕಂಪನಿಗಳಿಗೆ ತಲುಪಿಸುವ ಚೇಂಜ್ ಹೆಲ್ತ್‌ಕೇರ್ ಕಂಪನಿಯ ಮೇಲೆ ರಾನ್ಸಮ್‌ವೇರ್ (ಕಂಪ್ಯೂಟರ್‌ಗೆ ಬೀಗ ಹಾಕಿ ದುಡ್ಡು ಕೇಳುವ) ದಾಳಿಯಾದಾಗ ದೇಶದ ತುಂಬ ಆಸ್ಪತ್ರೆ, ಕ್ಲಿನಿಕ್, ಔಷಧಿ ಅಂಗಡಿಗಳ ಬಿಲ್ಲುಗಳು ವಾರಗಟ್ಟಲೆ ನಿಂತುಹೋಗಿದ್ದವು. ಕೈಯಲ್ಲಿ ಉಳಿತಾಯವಿಲ್ಲದ ಸಣ್ಣ ಏಜೆನ್ಸಿಗೆ ಎರಡು ವಾರ ದುಡ್ಡು ಬರದಿದ್ದರೆ ಬಾಗಿಲು ಹಾಕುವ ಪರಿಸ್ಥಿತಿ.

ಈಗ ಮೈಸೂರಿಗೆ ಬನ್ನಿ. ಚಿಕ್ಕಮ್ಮನ ಏಜೆನ್ಸಿ ಅಂದರೆ ಒಬ್ಬ ಮೇಡಂ, ಎರಡು ಫೋನ್, ವಾಟ್ಸಾಪ್. ಚಿಕ್ಕಪ್ಪ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು, 'ಅಮ್ಮನಿಗೆ ಮಡಿ ಗಿಡಿ ಜಾಸ್ತಿ ಇದೆಯಾ ಸಾರ್? ಜೋರು ಮಾತಾಡುವವರು ಆಗುತ್ತಾ, ಮೆತ್ತಗಿರುವವರು ಬೇಕಾ?' ನಮ್ಮ ಸಾಫ್ಟ್‌ವೇರ್ ಈ ಪ್ರಶ್ನೆ ಕೇಳುವುದಿಲ್ಲ. ಅದು ಮನೆಗೂ ಮನೆಗೂ ಎಷ್ಟು ಮೈಲಿ ಅಂತ ನೋಡುತ್ತದೆ, ಯಾರು ಖಾಲಿ ಇದ್ದಾರೆ ಅಂತ ನೋಡುತ್ತದೆ, ಅಷ್ಟೇ.

ಬಂದ ಹುಡುಗಿ ಒಂದು ನೋಟ್‌ಬುಕ್ ಇಟ್ಟಿದ್ದಳು. ಬಿಪಿ, ಶುಗರ್ ಬರೆಯುತ್ತಿದ್ದಳು. ಅದರ ಕೆಳಗೆ ಅವಳದೇ ಸಾಲುಗಳು: 'ಎಡಗಡೆ ಮಲಗಿಸಿದರೆ ನರಳುತ್ತಾರೆ. ನೀರು ಚಮಚದಲ್ಲೇ, ಲೋಟದಲ್ಲಿ ಬೇಡ, ಕೆಮ್ಮು ಬರುತ್ತೆ. ಸಂಜೆ ಮೇಲೆ ಹೆದರುತ್ತಾರೆ, ಲೈಟ್ ಆರಿಸಬಾರದು.' ಅವಳು ಹಬ್ಬಕ್ಕೆ ಊರಿಗೆ ಹೋದಾಗ ಬದಲಿಗೆ ಬಂದವರು ಅದನ್ನು ಓದಿಕೊಂಡು ಕೆಲಸ ಶುರು ಮಾಡಿದರು. ಸ್ಟ್ರೋಕ್ ಆದ ಅನೇಕರಿಗೆ ನುಂಗುವುದು ಕಷ್ಟ. ನೀರು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. ಚಮಚದ ಬಗ್ಗೆ ಬರೆದ ಆ ಸಾಲಿನ ಬೆಲೆ ನಮ್ಮ ಆರೂ ಸಂಗತಿಗಿಂತ ದೊಡ್ಡದು.

ಹಾಗಂತ ಮೈಸೂರಿನ ರೀತಿಯೇ ಸರಿ ಅಂತ ನಾನು ಹೇಳುವುದಿಲ್ಲ. ಆ ಹುಡುಗಿ ಇಪ್ಪತ್ತನಾಲ್ಕು ಗಂಟೆ ಡ್ಯೂಟಿ. ರಾತ್ರಿ ನಾಲ್ಕು ಸಲ ಎದ್ದರೂ ಅದಕ್ಕೆ ಬೇರೆ ಲೆಕ್ಕವಿಲ್ಲ. ಅವಳ ಸಂಬಳದಲ್ಲಿ ಏಜೆನ್ಸಿ ಎಷ್ಟು ಹಿಡಿಯುತ್ತದೆ ಅಂತ ನಮಗೂ ಹೇಳಲಿಲ್ಲ, ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಮನೆ ಆರೈಕೆ ಕೊಡುವ ಸಂಸ್ಥೆಗಳನ್ನು ನೋಂದಣಿಗೆ ತರುವ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂದಿತ್ತು. ಪಾಸಾಗದೆ ಬಿದ್ದುಹೋಯಿತು. ನ್ಯೂಜೆರ್ಸಿಯಲ್ಲಿ ಏಡ್ ಆಗಬೇಕಾದರೆ 76 ಗಂಟೆ ತರಬೇತಿ, ನರ್ಸಿಂಗ್ ಬೋರ್ಡಿನ ಸರ್ಟಿಫಿಕೇಟು ಬೇಕು. ಏಜೆನ್ಸಿಯ ಏಡ್‌ಗಳಿಗೂ ಕನಿಷ್ಠ ವೇತನ, ಓವರ್‌ಟೈಮ್ ಕೊಡಬೇಕು ಅನ್ನುವ ಫೆಡರಲ್ ನಿಯಮ 2015ರಲ್ಲಿ ಜಾರಿಗೆ ಬಂತು. 2025ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯೇ ಅದನ್ನು ವಾಪಸ್ ತೆಗೆಯುವ ಪ್ರಸ್ತಾಪ ಮುಂದಿಟ್ಟಿತು. ಇದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ದುಡಿದ ಗಂಟೆಗೆ ಕೂಲಿ ಸಿಗದಿದ್ದರೆ ಯಾರು ಈ ಕೆಲಸಕ್ಕೆ ಬರುತ್ತಾರೆ? ಈಗಲೇ ಏಡ್‌ಗಳು ಕೆಲಸ ಬಿಟ್ಟು ಗೋದಾಮಿಗೋ ಅಂಗಡಿಗೋ ಹೋಗುತ್ತಿದ್ದಾರೆ. ಯಾವ ಆ್ಯಪ್ ಹಾಕಿದರೂ ಇಲ್ಲದ ಜನರನ್ನು ಶೆಡ್ಯೂಲ್ ಮಾಡಲು ಆಗುವುದಿಲ್ಲ ಅಲ್ವಾ.

ನಮ್ಮೂರಿನಲ್ಲಿ ಹೋಮ್ ಕೇರ್ ಸಾಫ್ಟ್‌ವೇರ್ ಮಾಡಲು ಹೊರಟವರಿಗೆ ನನ್ನ ಕೋರಿಕೆ ಇದು. ಗಂಟೆಗಳನ್ನು ಬರೆಯಿರಿ, ಆದರೆ ಮೊದಲು ಅದು ಕೆಲಸದವರ ಫೋನಿನಲ್ಲಿ ಕಾಣಲಿ. ಎಷ್ಟು ದುಡಿದೆ, ಎಷ್ಟು ಬರಬೇಕು, ಏಜೆನ್ಸಿ ಎಷ್ಟು ಹಿಡಿಯಿತು ಅಂತ ಅವರಿಗೇ ಗೊತ್ತಾಗಲಿ. ಲೊಕೇಶನ್ ಹಿಂದೆ ಬೀಳುವ ಮುನ್ನ ಆ ನೋಟ್‌ಬುಕ್ಕಿನ ಪುಟವನ್ನು ಆ್ಯಪ್‌ಗೆ ತನ್ನಿ. ಟೈಪ್ ಮಾಡಲು ಬಾರದವರು ತಮ್ಮ ಭಾಷೆಯಲ್ಲಿ ಮಾತಾಡಿ ರೆಕಾರ್ಡ್ ಮಾಡಲಿ. ರೋಗಿಯ ವಿವರ ಯಾರ್ಯಾರಿಗೋ ಫಾರ್ವರ್ಡ್ ಆಗದಂತೆ ಬೀಗ ಇರಲಿ, ಅದಕ್ಕೆ ವಾಟ್ಸಾಪ್ ಗ್ರೂಪು ಸಾಲದು.

ನಮ್ಮ ಏಜೆನ್ಸಿಯಲ್ಲೂ ಇದನ್ನೇ ಕೇಳಿ ಕೇಳಿ ಈಗ ಒಂದು ಹೊಸ ಜಾಗ ಮಾಡಿಸಿಕೊಂಡಿದ್ದೇವೆ. ಬದಲಿ ಏಡ್ ಕ್ಲಾಕ್ ಇನ್ ಆಗುವ ಮೊದಲೇ ಹಿಂದಿನವರ ಟಿಪ್ಪಣಿ ಪರದೆ ಮೇಲೆ ಬರುತ್ತದೆ. ಹೆಚ್ಚಿನವರು ಸ್ಪ್ಯಾನಿಷ್‌ನಲ್ಲಿ ಬರೆಯುತ್ತಾರೆ, ಕೆಲವರು ಹೇಟಿಯನ್ ಕ್ರಿಯೋಲ್‌ನಲ್ಲಿ. ಅನುವಾದ ಆಗಾಗ ಎಡವುತ್ತದೆ. ಔಷಧಿ ಹೆಸರು ಬಂದ ಕಡೆ ನರ್ಸ್ ಒಮ್ಮೆ ನೋಡಲೇಬೇಕು ಅಂತ ನಿಯಮ ಮಾಡಿದ್ದೇವೆ. ಬರೆಯುವ ಆ ಐದು ನಿಮಿಷಕ್ಕೂ ಸಂಬಳ ಕೊಡಿ ಅಂತ ಏಡ್‌ಗಳು ಕೇಳುತ್ತಿದ್ದಾರೆ. ನ್ಯಾಯವಾದ ಕೇಳಿಕೆ. ಮುಂದಿನ ಮೀಟಿಂಗ್‌ನಲ್ಲಿ ನಾನು ಅವರ ಪರವಾಗಿಯೇ ಮಾತಾಡುತ್ತೇನೆ.