ತನ್ನ ಚಿತ್ರವನ್ನು ತಾನೇ ಹೊತ್ತುಕೊಂಡು ಹೋದವನು

ಹಳೇ ಕಾಲದ ದೊಡ್ಡ ಕಲಾವಿದರ ಭಾವಚಿತ್ರ ಹರಾಜಿಗೆ ಬಂದಾಗೆಲ್ಲ ಸುದ್ದಿಯಲ್ಲಿ ಎರಡೇ ಮಾತು. ಬರೆದದ್ದು ಯಾರು, ಎಷ್ಟಕ್ಕೆ ಹೋಯಿತು. ಚಿತ್ರದೊಳಗಿನ ಮನುಷ್ಯನ ಬಗ್ಗೆ ಒಂದು ಸಾಲು ಇದ್ದರೆ ಹೆಚ್ಚು. ಆಗೆಲ್ಲ ನನಗೆ ಹ್ವಾನ್ ದೆ ಪರೇಹಾ ನೆನಪಾಗುತ್ತಾನೆ.

1970ರ ನವೆಂಬರ್ 27ರಂದು ಲಂಡನ್ನಿನ ಹರಾಜು ಸಂಸ್ಥೆ ಕ್ರಿಸ್ಟೀಸ್‌ನಲ್ಲಿ ಅವನ ಭಾವಚಿತ್ರ 23 ಲಕ್ಷದ 10 ಸಾವಿರ ಪೌಂಡಿಗೆ ಮಾರಾಟವಾಯಿತು. ಹರಾಜಿನಲ್ಲಿ 10 ಲಕ್ಷ ಪೌಂಡ್ ದಾಟಿದ ಮೊದಲ ಚಿತ್ರ ಅದು. ಇದೇ ಕ್ರಿಸ್ಟೀಸ್‌ನಲ್ಲಿ 1801ರಲ್ಲಿ ಬರೀ 39 ಗಿನಿಗೆ, ಅಂದರೆ ಸುಮಾರು 41 ಪೌಂಡಿಗೆ ಹೋಗಿತ್ತು! ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಬರೆದವನು ವೆಲಾಸ್ಕೆಸ್, ಸ್ಪೇನಿನ ರಾಜನ ಆಸ್ಥಾನ ಕಲಾವಿದ. ಪರೇಹಾ ಅವನ ಗುಲಾಮ. ಎಷ್ಟೋ ಕಡೆ 'ಸಹಾಯಕ' ಅಂತ ಬರೆದು ಮುಂದೆ ಹೋಗುತ್ತಾರೆ. ಅಲ್ಲ, ಗುಲಾಮ. ಒಡೆಯನ ಜೊತೆ ರೋಮಿಗೆ ಬಂದಿದ್ದ. ಚಿತ್ರ ಮುಗಿದ ಮೇಲೆ ವೆಲಾಸ್ಕೆಸ್ ಅದನ್ನು ಗೆಳೆಯರಿಗೆ ತೋರಿಸಲು ಕಳಿಸಿದ್ದು ಪರೇಹಾನ ಕೈಯಲ್ಲೇ. ನೋಡಿದವರು ಒಮ್ಮೆ ಚಿತ್ರ, ಒಮ್ಮೆ ಅವನ ಮುಖ ನೋಡುತ್ತಾ, ಯಾರನ್ನು ಮಾತಾಡಿಸಬೇಕೋ ತಿಳಿಯದೆ ನಿಂತರಂತೆ. ಸ್ಪೇನಿನ ಕಲಾವಿದರ ಜೀವನಚರಿತ್ರೆ ಬರೆದ ಪಾಲೊಮಿನೊ 1724ರಲ್ಲಿ ಬರೆದಿಟ್ಟ ಕಥೆ ಇದು. ಎಲ್ಲರೂ ವೆಲಾಸ್ಕೆಸನ ಕೈಚಳಕಕ್ಕೆ ಉದಾಹರಣೆಯಾಗಿ ಇದನ್ನು ಹೇಳುತ್ತಾರೆ. ನನಗೆ ಮಾತ್ರ ಆ ಬಾಗಿಲಲ್ಲಿ ತನ್ನದೇ ಚಿತ್ರ ಹಿಡಿದು ನಿಂತವನು ಕಾಣುತ್ತಾನೆ. ಆ ಚಿತ್ರವೂ ಒಡೆಯನದು, ಹಿಡಿದ ಕೈಯೂ ಒಡೆಯನದು.

ಮೊಬೈಲಲ್ಲಿ ಚಿತ್ರ ದೊಡ್ಡದು ಮಾಡಿ ನೋಡಿ. ಬಿಳಿ ಲೇಸಿನ ಕಾಲರ್ ಹತ್ತಿರ ಹೋದರೆ ಲೇಸೇ ಇಲ್ಲ, ಗಡಿಬಿಡಿಯಲ್ಲಿ ಎಳೆದ ಬಿಳಿ ಬಣ್ಣದ ಗೆರೆಗಳು ಅಷ್ಟೇ. ದೂರ ಸರಿಸಿದರೆ ಮತ್ತೆ ಲೇಸು. ಮೇಲಂಗಿಯನ್ನು ಎದೆಯ ಹತ್ತಿರ ಹಿಡಿದ ಕೈ. ಆಮೇಲೆ ಆ ಕಣ್ಣು. ಎಲ್ಲೂ ತಗ್ಗುವುದಿಲ್ಲ, ನೇರ ನಮ್ಮನ್ನೇ ನೋಡುತ್ತವೆ.

ಈ ಗತ್ತು ನೋಡಿ, ವೆಲಾಸ್ಕೆಸ್ ಎಂಥ ದೊಡ್ಡ ಮನಸ್ಸಿನವನು, ಗುಲಾಮನನ್ನೂ ಸಮಾನವಾಗಿ ಕಂಡ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸಮಾನವಾಗಿ ಕಂಡವನು ಮನುಷ್ಯನನ್ನು ಗುಲಾಮನಾಗಿ ಇಟ್ಟುಕೊಳ್ಳುತ್ತಿದ್ದನಾ? 1650ರ ಮಾರ್ಚ್ 19ರಂದು ಚಿತ್ರ ರೋಮಿನ ಪುರಾತನ ಕಟ್ಟಡ ಪ್ಯಾಂಥಿಯನ್‌ನಲ್ಲಿ ಎಲ್ಲರ ಮೆಚ್ಚುಗೆ ಪಡೆಯಿತು. ಬಿಡುಗಡೆ ಪತ್ರಕ್ಕೆ ವೆಲಾಸ್ಕೆಸ್ ಸಹಿ ಹಾಕಿದ್ದು ಅದೇ ವರ್ಷ ನವೆಂಬರ್ 23ರಂದು. ಅದರಲ್ಲೂ ಷರತ್ತು: ಇನ್ನೂ ನಾಲ್ಕು ವರ್ಷ ಊಳಿಗ ಮಾಡಬೇಕು. ಕಲೆ ದೊಡ್ಡದು, ಖಂಡಿತ. ಆದರೆ ಆ ಗತ್ತು ಪರೇಹಾನದು. ಅದನ್ನೂ ಒಡೆಯನ ಲೆಕ್ಕಕ್ಕೆ ಬರೆಯಬೇಡಿ.

ಇನ್ನೊಂದು ವಿಷಯ. ಆ ಪತ್ರದ ವಿವರ ಪ್ರಕಟವಾದದ್ದು 1983ರಲ್ಲಿ. ಅಲ್ಲಿವರೆಗೆ ಚಾಲ್ತಿಯಲ್ಲಿದ್ದದ್ದು, ಸ್ಪೇನಿನ ರಾಜನೇ ಕರುಣೆಯಿಂದ ಅವನನ್ನು ಬಿಡಿಸಿದ ಅನ್ನುವ ಕಥೆ. 1970ರ ಹರಾಜಿನ ದಿನ ಲಕ್ಷಗಟ್ಟಲೆ ಕೂಗಿದವರ ಕೈಯಲ್ಲೂ ಈ ಪತ್ರ ಇರಲಿಲ್ಲ. ಹರಾಜಾದ ಮೇಲೆ ಚಿತ್ರ ಶುಚಿ ಮಾಡುವಾಗ, ಮೇಲ್ಗಡೆ ಮತ್ತು ಬಲಗಡೆ ಒಂದಿಷ್ಟು ಕ್ಯಾನ್ವಾಸು ಹಿಂದಕ್ಕೆ ಮಡಚಿಕೊಂಡಿದ್ದು ಸಿಕ್ಕಿತು. ಬಿಚ್ಚಿದರು. ಅವನ ಸುತ್ತ ಈಗ ಮೊದಲಿಗಿಂತ ಜಾಸ್ತಿ ಜಾಗ ಇದೆ.

ಸ್ವತಂತ್ರನಾದ ಮೇಲೆ ಪರೇಹಾ ತಾನೇ ಚಿತ್ರ ಬರೆದ. 1920ರ ದಶಕದಲ್ಲಿ ನ್ಯೂಯಾರ್ಕಿನ ಕಪ್ಪು ಜನರ ಇತಿಹಾಸಕಾರ ಆರ್ಟುರೋ ಶಾಂಬರ್ಗ್ ಅವನ ಚಿತ್ರ ಹುಡುಕಿಕೊಂಡೇ ಸ್ಪೇನಿಗೆ ಹೋಗಿದ್ದ. ಪರೇಹಾ ಬರೆದ, ಸಂತ ಮ್ಯಾಥ್ಯೂನನ್ನು ಯೇಸು ಕರೆಯುವ ದೃಶ್ಯ, 1661ರದ್ದು, ಮ್ಯಾಡ್ರಿಡ್ಡಿನ ಪ್ರಾಡೋ ಮ್ಯೂಸಿಯಂನಲ್ಲಿದೆ. ಜನ ತುಂಬಿದ ದೊಡ್ಡ ಚಿತ್ರ. ಎಡಗಡೆ ತುದಿ ನೋಡಿ. ಅಲ್ಲಿ ಪರೇಹಾ ನಿಂತಿದ್ದಾನೆ, ಅದೇ ನೇರ ನೋಟ. ಕೈಯಲ್ಲೊಂದು ಕಾಗದ. ಅದರ ಮೇಲೆ ಅವನದೇ ಹೆಸರು, ಅವನೇ ಬರೆದದ್ದು.