ಅಮ್ಮನ ಹುಣಸೆಹುಳಿ, ನನ್ನ ಕಾಡತೂಸು

ಹಾಸನದಿಂದ ಟೆಕ್ಸಾಸ್‌ಗೆ ಬಂದ ಮೂರನೇ ದಿನ ಅಮ್ಮ ಗ್ಯಾರೇಜಿಗೆ ಬಂದು ಬಕೆಟ್ಟಿನೊಳಗೆ ಇಣುಕಿದಳು. "ಇದೇನೋ ಇಷ್ಟೊಂದು ಕುಂಕುಮದ ಭರಣಿ? ಯಾರ ಮದುವೆಗೆ?"

ಭರಣಿ ಅಲ್ಲ, ಹೊಡೆದು ಖಾಲಿಯಾದ ಕಾಡತೂಸಿನ ಹಿತ್ತಾಳೆ ಕೇಸುಗಳು, ಅಂದರೆ ಬಂದೂಕಿನಿಂದ ಗುಂಡು ಹಾರಿದ ಮೇಲೆ ಉಳಿಯುವ ಚಿಪ್ಪು. ಶನಿವಾರ ರೇಂಜಿಗೆ ಹೋಗಿ ಗುರಿ ಹೊಡೆಯುವ ಚಟ ಇಲ್ಲಿಗೆ ಬಂದ ಮೇಲೆ ನನಗೆ ಹತ್ತಿದ್ದು. ಹೊಡೆದು ಮುಗಿದ ಮೇಲೆ ತೋಟದಲ್ಲಿ ಉದುರಡಿಕೆ ಆರಿಸುವವರ ಹಾಗೆ ಬಗ್ಗಿ ಬಗ್ಗಿ ಕೇಸು ಆರಿಸುತ್ತೇನೆ. ಚೊಕ್ಕ ಮಾಡಿಟ್ಟರೆ ಅದಕ್ಕೇ ಮತ್ತೆ ಮದ್ದು ತುಂಬಿ ಹಲವು ಸಲ ಬಳಸಬಹುದು. ಇಷ್ಟೂ ವಿವರಿಸಿದೆ. ಅಮ್ಮ ಕೇಳಿದ್ದು ಒಂದೇ ಮಾತು: "ದುಡ್ಡು ಉಳಿಯುತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಹೆಂಡತಿ ನಕ್ಕಳು.

ನಗುವುದಕ್ಕೆ ಅವಳಿಗೆ ಕಾರಣ ಇತ್ತು. ಮೊದಲು ತಂದದ್ದು ಕೇಸು ಬೆಳಗುವ ಯಂತ್ರ, ಒಣ ಟಂಬ್ಲರ್ ಅಂತಾರೆ. ಅಕ್ರೋಟ್ ಚಿಪ್ಪಿನ ತರಿಯೊಳಗೆ ಕೇಸು ಹಾಕಿ ಗಂಟೆಗಟ್ಟಲೆ ಅದುರಿಸುವ ಬೋಗುಣಿ. ಮದುವೆಮನೆಗೆ ಹಿಟ್ಟು ರುಬ್ಬಿದ ಹಾಗೆ ಸದ್ದು. ಧೂಳಿನಲ್ಲಿ ಸೀಸ ಇರುತ್ತದೆ ಅಂತ ಆಮೇಲೆ ಓದಿ, ಅದನ್ನು ಬಿಟ್ಟು ನೀರಿನ ಟಂಬ್ಲರ್ ತಂದೆ. ಇದು ತಿರುಗುವ ಡ್ರಮ್ಮು. ಒಳಗೆ ನೀರು, ಪಾತ್ರೆ ತೊಳೆಯುವ ಸೋಪು, ಚಿಟಿಕೆ ನಿಂಬೆ ಉಪ್ಪು, ಜೊತೆಗೆ ಜೀರಿಗೆಯಷ್ಟು ದೊಡ್ಡ ಸ್ಟೀಲ್ ಸೂಜಿಗಳು. ಎರಡು ಕೆಜಿಗೂ ಜಾಸ್ತಿ. ಮೊದಲ ಸಲ ಗಲೀಜು ನೀರಿನ ಜೊತೆ ಅರ್ಧ ಸೂಜಿಯನ್ನೂ ನೆಲಕ್ಕೆ ಚೆಲ್ಲಿದೆ. ಸಂಜೆಯವರೆಗೆ ಅಯಸ್ಕಾಂತ ಹಿಡಿದು ಮಂಡಿಯೂರಿ ಹುಡುಕಿದ್ದಾಯಿತು. ಉಳಿದವು ಹೆಂಡತಿಯ ಚಪ್ಪಲಿಗೆ ಸಿಕ್ಕವು. ಇನ್ನು ಕೇಸು ತೆಗೆದು ನೋಡಿದರೆ, ಸಣ್ಣ ಅಳತೆಯವು ದೊಡ್ಡದರೊಳಗೆ: 9 ಎಂಎಂ ಹೋಗಿ 40ರ ಹೊಟ್ಟೆಯಲ್ಲಿ, 40 ಹೋಗಿ 45ರ ಹೊಟ್ಟೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಹೊರಗೆ ಫಳಫಳ, ಒಳಗೆ ಮಸಿ.

"ಹುಣಸೆಹುಳಿಗೆ ಚೂರು ಉಪ್ಪು ಹಾಕಿದರೆ ಐದು ನಿಮಿಷದ ಕೆಲಸ ಕಣೋ," ಅಂದಳು ಅಮ್ಮ.

ಸುಮ್ನೆ ಹತ್ತು ಕೇಸು ಹಾಕಿ ನೋಡಿದೆ, ಬಣ್ಣ ಕಲಸುವ ಹಳೇ ಬಕೆಟ್ಟಿನಲ್ಲಿ. ಸೀಸದ ಭಯಕ್ಕೆ ಅಡುಗೆ ಪಾತ್ರೆ ಮುಟ್ಟುವ ಹಾಗಿಲ್ಲ, ಕೈಗೆ ಗ್ಲೌಸ್ ಬೇರೆ. ನಿಜಕ್ಕೂ ಐದು ನಿಮಿಷಕ್ಕೆ ಕಲಶದ ಚೊಂಬಿನ ಹಾಗೆ ಬೆಳಗಿದವು. ಅಲ್ಲಿಗೆ ನಿಲ್ಲಿಸಬೇಕಿತ್ತು ಅಲ್ವಾ? ಓದಿದ್ದು ಎಂಜಿನಿಯರಿಂಗ್. ಐದು ನಿಮಿಷಕ್ಕೆ ಹಿತ್ತಾಳೆ ಹೀಗಾದರೆ ರಾತ್ರಿಯಿಡೀ ನೆನೆಸಿದರೆ ಚಿನ್ನವೇ ಆಗಬೇಕು ಅಂತ ಲೆಕ್ಕ ಹಾಕಿ, ಮನೆಯಲ್ಲಿದ್ದ ಹುಣಸೆಹಣ್ಣನ್ನೆಲ್ಲ ಕಿವುಚಿ ಇನ್ನೂರು ಕೇಸು ಮುಳುಗಿಸಿ ಮಲಗಿದೆ.

ಬೆಳಿಗ್ಗೆ ನೋಡಿದರೆ ಎಲ್ಲವೂ ಗುಲಾಬಿ ಬಣ್ಣ! ಕಾಡತೂಸಿನ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಹುಳಿ ಹೆಚ್ಚು ಹೊತ್ತು ಕೂತರೆ ಮೇಲಿನ ಸತುವನ್ನು ತಿಂದು ತಾಮ್ರವನ್ನು ಬಿಡುತ್ತದೆ. ಅಮ್ಮ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು. "ಸಾರಿಗೆ ಹುಳಿ ಜಾಸ್ತಿ ಆದರೆ ನೀರು ಬೆರೆಸಬಹುದು. ಇದಕ್ಕೇನು ಬೆರೆಸ್ತೀಯ?"

ಒಳಗೆಷ್ಟು ಸೊರಗಿದೆಯೋ, ಮುಖದ ಹತ್ತಿರ ಇಟ್ಟುಕೊಂಡು ಹೊಡೆಯುವ ಸಾಮಾನು. ಇನ್ನೂರೂ ಗುಜರಿಗೆ ಹೋದವು. ಅವತ್ತು ಮನೆಯಲ್ಲಿ ಸಾರೂ ಇಲ್ಲ.

ಅಂಗಡಿಯ ಹಿತ್ತಾಳೆ ಪಾಲಿಶ್ ತರೋಣ ಅಂದರೆ ಕೆಲವದರಲ್ಲಿ ಅಮೋನಿಯಾ ಇರುತ್ತದೆ. ಅದು ತಾಗಿದರೆ ಹಿತ್ತಾಳೆ ಬಿರುಕು ಬಿಡಬಹುದು. ಹಿಂದೆ ನಮ್ಮ ದೇಶದಲ್ಲೇ ಬ್ರಿಟಿಷ್ ಸೈನ್ಯದವರು ಮಳೆಗಾಲದಲ್ಲಿ ಕಾಡತೂಸುಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರಂತೆ. ಮಳೆ ನಿಂತ ಮೇಲೆ ತೆಗೆದರೆ ಬಿರುಕು. ಕುದುರೆ ಗಂಜಲದ ಅಮೋನಿಯಾ ಇದಕ್ಕೆ ಕಾರಣ ಅಂತ ಗೊತ್ತಾಗಿದ್ದು 1921ರಲ್ಲಿ. ಅಮ್ಮನಿಗೆ ಹೇಳಿದೆ. "ಕೊಟ್ಟಿಗೇಲಿ ಹಿತ್ತಾಳೆ ಇಡಬಾರದು ಅಂತ ನಮ್ಮಜ್ಜೀಗೇ ಗೊತ್ತಿತ್ತು," ಅಂದಳು. ಅಜ್ಜಿಯನ್ನು ಕೇಳೋಣ ಅಂದರೆ ಅವರಿಲ್ಲ.

ಈಗ ಮತ್ತೆ ಸೂಜಿ ಡ್ರಮ್ಮಿಗೇ ಬಂದಿದ್ದೇನೆ. ಓವನ್ನಿನಲ್ಲಿ ಒಣಗಿಸುವುದಕ್ಕೆ ಹೆಂಡತಿಯ ನಿಷೇಧ ಇದೆ. ಹಾಗಾಗಿ ಮನೆ ಮುಂದೆ ಹಳೇ ಪಂಚೆ ಹಾಸಿ ಬಿಸಿಲಿಗೆ ಹರವುತ್ತೇನೆ. ಅಮ್ಮ ಇದ್ದಷ್ಟು ದಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೋಲು ಹಿಡಿದು ಸಂಡಿಗೆ ಕಾದ ಹಾಗೆ ಕಾದಳು. ಎದುರುಮನೆಯವರು ನಾಯಿ ಹಿಡಿದು ಬಂದವರು ಬಗ್ಗಿ ನೋಡಿ, "308 ಸೈಜಾ?" ಅಂತ ಕೇಳಿ ಮುಂದೆ ಹೋದರು.

ಹೊರಡುವ ಹಿಂದಿನ ರಾತ್ರಿ ಅಮ್ಮನ ಸೂಟ್‌ಕೇಸ್ ತೂಕ ನೋಡುತ್ತಿದ್ದೆ. ಬಾದಾಮಿ ಪೊಟ್ಟಣಗಳ ನಡುವೆ ಕಾಲುಚೀಲ, ಕಾಲುಚೀಲದೊಳಗೆ ನಾಲ್ಕು ಖಾಲಿ ಕೇಸು.

"ಅಮ್ಮಾ! ಬೆಂಗಳೂರು ಏರ್‌ಪೋರ್ಟಲ್ಲಿ ಇದು ಸಿಕ್ಕರೆ ಪೊಲೀಸರ ಮುಂದೆ ಕೂರಬೇಕಾಗುತ್ತೆ!"

"ಊದುಬತ್ತಿ ಸಿಗಿಸೋದಕ್ಕೆ ಕಣೋ. ದೇವರ ಮನೇಲಿ ಇರೋದನ್ನ ಯಾರು ಕೇಳ್ತಾರೆ?"

ನಾಲ್ಕನ್ನೂ ತೆಗೆದಿಟ್ಟೆ. ಬೆಳಿಗ್ಗೆ ಏರ್‌ಪೋರ್ಟಿಗೆ ಹೊರಡುವ ಮುನ್ನ ಇನ್ನೊಮ್ಮೆ ಸೂಟ್‌ಕೇಸ್ ತೆಗೆದು ನೋಡಿದೆ. ಎರಡು ಮತ್ತೆ ಸೇರಿಕೊಂಡಿದ್ದವು.