ಸಲೈನ್ ಬಾಟಲಿ ಮತ್ತು ಅವ್ವನ ಬುತ್ತಿ

ಕಳೆದ ವರ್ಷ ಇಂಡಿ ತಾಲ್ಲೂಕಿನ ನಮ್ಮೂರಿನಿಂದ ಅಪ್ಪನನ್ನು ನ್ಯುಮೋನಿಯಾ ಎಂದು ವಿಜಯಪುರದ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದರು. ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನಾನು ಬಂದು ಮುಟ್ಟುವಷ್ಟರಲ್ಲಿ ಎಂಟು ದಿನ ಕಳೆದಿದ್ದವು. ಜ್ವರ ಇಳಿದಿತ್ತು, ಔಷಧಿಗಳೂ ಸರಿಯಾಗಿಯೇ ಇದ್ದವು. ಆದರೆ ಹಾಸಿಗೆ ಬದಲಿಸಲೆಂದು ಅವರನ್ನು ಮಗ್ಗುಲಾಗಿಸಿದಾಗ ಸೊಂಟದಲ್ಲಿ ಬಿಗಿಯಾಗಿರುತ್ತಿದ್ದ ಉಡಿದಾರ ತೊಡೆಯವರೆಗೆ ಜಾರಿತು. ಕೇಸ್ ಪೇಪರಿನಲ್ಲಿ ಬಿಪಿ, ಸಕ್ಕರೆ, ಆಮ್ಲಜನಕದ ಪ್ರಮಾಣ ಎಲ್ಲವೂ ಇದ್ದವು. ತೂಕ ಬರೆಯುವ ಜಾಗ ಮಾತ್ರ ಖಾಲಿಯಿತ್ತು.

‘ಏನು ತಿಂದಾರ?’ ಎಂದು ಕೇಳಿದರೆ ಅವ್ವ, ‘ಸಲೈನ್ ಹಚ್ಯಾರವ್ವಾ, ಅದರಾಗೇ ಶಕ್ತಿ ಬರತೈತಿ’ ಎಂದಳು. ನಮ್ಮ ಭಾಗದ ಬಹುತೇಕ ಮನೆಗಳಲ್ಲಿ ಇದೇ ನಂಬಿಕೆ ಇದೆ. ಅರ್ಧ ಲೀಟರ್‌ನ ಶೇಕಡಾ 5ರ ಡೆಕ್ಸ್‌ಟ್ರೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲೂಕೋಸ್, ಅಂದರೆ ಸುಮಾರು 85 ಕ್ಯಾಲೊರಿ. ಬರೀ ಉಪ್ಪುನೀರಿನ ಬಾಟಲಿಯಾದರೆ ಅದೂ ಇಲ್ಲ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಇದರ ಎರಡರಷ್ಟು ಶಕ್ತಿಯ ಜೊತೆಗೆ ಒಂದಿಷ್ಟು ಪ್ರೋಟೀನೂ ಇರುತ್ತದೆ. ನಿರ್ಜಲೀಕರಣವಾದಾಗ, ರಕ್ತದೊತ್ತಡ ಕುಸಿದಾಗ ಸಲೈನ್ ಜೀವ ಉಳಿಸುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಊಟವೆಂದು ತಿಳಿದು ರೋಗಿಯನ್ನು ವಾರಗಟ್ಟಲೆ ಎಳನೀರು, ಚಹಾ, ಬಿಸ್ಕಿಟಿನ ಮೇಲೆ ಇಟ್ಟರೆ, ಸೋಂಕಿನೊಂದಿಗೆ ಹೋರಾಡುತ್ತಿರುವ ದೇಹ ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ. ಆಮೇಲೆ ಕೆಮ್ಮಿ ಕಫ ಹೊರಹಾಕಲೂ ಬಲವಿರುವುದಿಲ್ಲ, ಬೆನ್ನ ಮೇಲಿನ ಹುಣ್ಣು ಮಾಯುವುದಿಲ್ಲ.

ನಾನು ಕೆಲಸ ಮಾಡುವ ವಾರ್ಡಿನಲ್ಲಿ ರೋಗಿ ದಾಖಲಾದ ಕೂಡಲೇ ತೂಕ ನೋಡಿ ‘ಮಸ್ಟ್’ ಎಂಬ ಅಂಕಪಟ್ಟಿಯನ್ನು ತುಂಬುತ್ತೇವೆ. 2003ರಿಂದ ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ಈ ಪಟ್ಟಿ ಮೂರೇ ಸಂಗತಿಗಳನ್ನು ಕೇಳುತ್ತದೆ: ಎತ್ತರಕ್ಕೆ ತಕ್ಕ ತೂಕವಿದೆಯೇ, ಮೂರರಿಂದ ಆರು ತಿಂಗಳಲ್ಲಿ ತೂಕ ಎಷ್ಟು ಇಳಿದಿದೆ, ತೀವ್ರ ಕಾಯಿಲೆಯಿಂದ ಐದು ದಿನಕ್ಕೂ ಹೆಚ್ಚು ಕಾಲ ಊಟ ನಿಂತಿದೆಯೇ ಅಥವಾ ನಿಲ್ಲುವ ಸಂಭವವಿದೆಯೇ. ಎದ್ದು ನಿಲ್ಲಲಾಗದವರ ತೋಳಿನ ಸುತ್ತಳತೆ ತೆಗೆದುಕೊಳ್ಳುತ್ತೇವೆ. ಇದಕ್ಕೆ ಯಂತ್ರ ಬೇಕಿಲ್ಲ, ಟೇಪು ಸಾಕು. ಅಪ್ಪನನ್ನು ಮನೆಗೆ ಕಳಿಸುವ ದಿನ ನಾನೇ ಹಟ ಹಿಡಿದು ತೂಗಿಸಿದಾಗ 49 ಕೆಜಿ ಬಂತು. ಆರು ತಿಂಗಳ ಹಿಂದೆ ಕಣ್ಣಿನ ಶಿಬಿರದ ಚೀಟಿಯಲ್ಲಿ 58 ಇತ್ತು. ಶೇಕಡಾ 10ಕ್ಕಿಂತ ಹೆಚ್ಚು ಇಳಿದರೆ ಅಲ್ಲಿ ಅಪಾಯದ ಗುಂಪಿಗೆ ಸೇರಿಸಿ ಆಹಾರತಜ್ಞರನ್ನು ಕರೆಯುತ್ತೇವೆ. ಅಪ್ಪನ ತೂಕ ಶೇಕಡಾ 15ರಷ್ಟು ಇಳಿದಿದ್ದರೂ ಆ ವಾರ್ಡಿನಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹಾಗೆಂದು ಇಂಗ್ಲೆಂಡಿನದೆಲ್ಲವೂ ಮೇಲು ಎಂದು ನಾನು ಹೇಳಲಾರೆ. ಅಲ್ಲಿ ಒಬ್ಬಂಟಿಯಾಗಿ ಮಲಗಿರುವ ಮುದುಕರ ಮುಂದೆ ಊಟದ ತಟ್ಟೆ ಹಾಗೇ ತಣ್ಣಗಾಗುವುದನ್ನು ನಾನು ಕಂಡಿದ್ದೇನೆ. ತಿನ್ನಿಸುವವರು ಬೇಕಾದವರನ್ನು ಗುರುತಿಸಲು ಕೆಲವು ಆಸ್ಪತ್ರೆಗಳಲ್ಲಿ ಕೆಂಪು ಟ್ರೇ ಇಡಬೇಕಾಗಿ ಬಂದಿದೆ. ವಿಜಯಪುರದಲ್ಲಿ ಅವ್ವ ಮಂಚದ ಪಕ್ಕ ಚಾಪೆ ಹಾಸಿಕೊಂಡು ಹಗಲು ರಾತ್ರಿ ಕೂತಿದ್ದಳು, ತಮ್ಮ ದಿನಾಲೂ ಮುಂಜಾನೆಯ ಬಸ್ಸಿಗೆ ಬುತ್ತಿ ತರುತ್ತಿದ್ದ. ಇಷ್ಟು ಕೈಗಳು ಇದ್ದ ಕಡೆ ಅಪ್ಪ ಉಪವಾಸ ಬಿದ್ದದ್ದು ಏಕೆಂದರೆ, ‘ರೊಟ್ಟಿ ಕೊಡಬ್ಯಾಡ್ರಿ, ಬರೇ ಗಂಜಿ ಕುಡಸ್ರಿ’ ಎಂದು ಯಾರೋ ಅಂದದ್ದೇ ಪಥ್ಯವಾಗಿತ್ತು; ಎಷ್ಟು ಗಂಜಿ, ಎಷ್ಟು ಗಟ್ಟಿ, ಅದರಲ್ಲಿ ಏನಿರಬೇಕು ಎಂದು ಯಾರೂ ಹೇಳಿರಲಿಲ್ಲ. ತಿಳಿ ಗಂಜಿಯ ಬದಲು ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿದ ನುಚ್ಚು, ಮೇಲೊಂದು ಚಮಚ ತುಪ್ಪ, ಗಟ್ಟಿ ಮೊಸರು, ಒಪ್ಪುವವರಿಗೆ ತತ್ತಿ, ಇವೆಲ್ಲ ನಮ್ಮ ಅಡುಗೆಮನೆಯವೇ. ಪಕ್ಕದ ಮಂಚದ ಅಜ್ಜನಿಗೆ ಮೂಗಿಗೆ ಪೈಪ್ ಹಾಕಿದಾಗ ಮನೆಯವರು ಇನ್ನೇನು ಮುಗಿಯಿತೆಂದು ಅತ್ತರು. ನುಂಗಲಾಗದವರಿಗೆ ಅದು ಊಟದ ದಾರಿ ಎಂದು ಯಾರಾದರೂ ಕೂತು ವಿವರಿಸಿದ್ದರೆ, ಅದರಲ್ಲಿ ಬರೀ ಎಳನೀರು ಹಾಕುವುದೂ ತಪ್ಪುತ್ತಿತ್ತು.

ಇನ್ನೊಂದು ಎಚ್ಚರವನ್ನು ಹೇಳಲೇಬೇಕು. ಬಹಳ ದಿನ ಊಟವಿಲ್ಲದವರಿಗೆ ‘ಉಂಡು ಗಟ್ಟಿಯಾಗಲಿ’ ಎಂದು ಒಮ್ಮೆಲೇ ಹೊಟ್ಟೆ ತುಂಬ ಉಣಿಸಿದರೆ, ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಕುಸಿದು ಹೃದಯದ ಬಡಿತ ತಪ್ಪಬಹುದು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆಯಾದ ಕೈದಿಗಳಲ್ಲಿ ಹೀಗೆ ಸಾವುಗಳಾದವು. ಅದಕ್ಕೇ ಇಂಥ ಅಪಾಯ ಹೆಚ್ಚಿರುವವರಿಗೆ ಬ್ರಿಟನ್ನಿನ 2006ರ ಮಾರ್ಗಸೂಚಿಯು ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 10 ಕ್ಯಾಲೊರಿ ಮೀರದಂತೆ ಆರಂಭಿಸಿ, ನಾಲ್ಕರಿಂದ ಏಳು ದಿನಗಳಲ್ಲಿ ಏರಿಸಲು, ಜೊತೆಗೆ ಥಯಮಿನ್ (ವಿಟಮಿನ್ ಬಿ1) ಕೊಡಲು ಹೇಳುತ್ತದೆ. ತೂಕವೇ ಗೊತ್ತಿಲ್ಲದಿದ್ದರೆ ಈ ಲೆಕ್ಕವನ್ನು ಹಾಕುವುದಾದರೂ ಹೇಗೆ?

ಆಹಾರವೂ ಚಿಕಿತ್ಸೆ ಎಂಬುದಕ್ಕೆ ಪುರಾವೆಯನ್ನು ಹೊರದೇಶದಲ್ಲಿ ಹುಡುಕಬೇಕಾಗಿಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ತಂಡ ಝಾರ್ಖಂಡದಲ್ಲಿ ಕ್ಷಯರೋಗಿಗಳ ಮನೆಯವರಲ್ಲಿ ಪ್ರತಿ ವಯಸ್ಕರಿಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ ಕೊಟ್ಟು ನೋಡಿದಾಗ, ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ತಗ್ಗಿತು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು.

ನಾನು ಬಂದ ದಿನವೇ ತಮ್ಮನ ಮಗಳಿಗೆ ಒಂದು ವಹಿ ಕೊಟ್ಟು, ಅಜ್ಜ ಉಂಡದ್ದನ್ನೆಲ್ಲ ಬರೆಯಲು ಹೇಳಿದ್ದೆ. ಮೊದಲ ಪುಟದಲ್ಲಿ ‘ಮುಂಜಾನೆ ನುಚ್ಚು ಅರ್ಧ ವಾಟಿ, ಮಜ್ಜಿಗಿ. ಮಧ್ಯಾಹ್ನ ಒಲ್ಲೆ ಅಂದ್ರು’ ಎಂದಿದೆ. ರೌಂಡ್ಸಿಗೆ ಬರುವ ವೈದ್ಯರು ಬಿಪಿಯ ಜೊತೆಗೆ ಇಂಥದೊಂದು ಪುಟವನ್ನೂ ಮನೆಯವರಿಂದ ಕೇಳಿ ಪಡೆಯಲಿ ಎಂಬುದು ನನ್ನ ಕೋರಿಕೆ.